ಆಳಂದದ ಎರಡನೆಯ ಕರೆ

ಆಳಂದಕ್ಕೆ ಹೋಗಿ ಇಳಿದ ಮರುದಿನ ಬೆಳಿಗ್ಗೆ ನಾನು ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ನಿಂತಿದ್ದಾಗ, ಗುರುತು ಪರಿಚಯವಿಲ್ಲದ ಇಬ್ಬರು ಹೆಂಗಸರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಒಬ್ಬಾಕೆ ನನ್ನ ಗಲ್ಲ ಹಿಡಿದೆತ್ತಿ ಹಣೆಗೆ ಕುಂಕುಮ ಹಚ್ಚಿದಳು. ಇನ್ನೊಬ್ಬಾಕೆ, “ನಾಳಿ ನಮ್ಮ ಮನ್ಯಾಗ ಕೂಸಿನ ತೊಟ್ಲ ಅದರಿ. ಎಲ್ಲಾರೂ ಕೂಡಿ ಊಟಕ್ಕ ಬರಬೇಕು” ಎಂದಳು. ನಾನು ನೊರೆ ಉಗುಳಿ “ನೀವು ಯಾರು?” ಎಂದು ಕೇಳುವಷ್ಟರಲ್ಲಿ ಇಬ್ಬರೂ ಪಕ್ಕದ ಮನೆಯ ಹೊಸ್ತಿಲು ದಾಟಿದ್ದರು. ನನ್ನ ಹೆಸರು ಕೇಳಲಿಲ್ಲ, ಯಾವ ಊರಿನವಳೆಂದು ಕೇಳಲಿಲ್ಲ. ಎಲ್ಲರೂ ಕೂಡಿ ಬರಬೇಕೆಂದರೆ ನನ್ನ ಮನೆಯಲ್ಲಿ ನನ್ನನ್ನು ಬಿಟ್ಟರೆ ಇದ್ದದ್ದು ಎರಡು ಸೂಟ್‌ಕೇಸು, ಒಂದು ಬಕೆಟ್ಟು.

ಮರುದಿನ ಮಧ್ಯಾಹ್ನ ಆ ಎರಡನೆಯಾಕೆಯೇ ಮತ್ತೆ ಬಂದಳು. “ಕರಿಯಾಕ ಬಂದೀನ್ರಿ, ಏಳ್ರಿ” ಎಂದಳು. ನಿನ್ನೆ ಹೇಳಿ ಹೋದವಳು ಇವತ್ತು ಮತ್ತೆ ಯಾಕೆ ಬಂದಳು? ಹೊಸಬಳು, ಬರುತ್ತಾಳೋ ಇಲ್ಲವೋ ಎಂಬ ಅನುಮಾನಕ್ಕೆ ಇರಬೇಕು ಅಂದುಕೊಂಡೆ. “ನೀವು ನಡೀರಿ, ಬರ್ತೀನಿ” ಎಂದು ಸಾಗಹಾಕಿ, ಬಾಗಿಲು ಹಾಕಿಕೊಂಡು, ಸೂಟ್‌ಕೇಸಿನಿಂದ ಸೀರೆ ತೆಗೆದು ಜೋಡಿಸುತ್ತ ಕೂತೆ. ಗೊತ್ತಿಲ್ಲದವರ ಮಗುವಿನ ತೊಟ್ಟಿಲಿಗೆ ಹೋಗಿ ನಾನೇನು ಮಾಡಲಿ?

ಸಂಜೆ ಮನೆಯ ಒಡತಿ ಕಾಶಮ್ಮ ತಾಟಿನಲ್ಲಿ ಹೋಳಿಗೆ ಮುಚ್ಚಿಕೊಂಡು ಬಂದರು. ಅರವತ್ತು ದಾಟಿದ, ಕಟ್ಟುಮಸ್ತಾದ ಹೆಂಗಸು. ಓಣಿಯವರಿಗೆಲ್ಲ ಅವರು ಕಾಶಮ್ಮ ಕಾಕು, ಅಂದರೆ ಚಿಕ್ಕಮ್ಮ. ತಾಟನ್ನು ಕಟ್ಟೆಯ ಮೇಲೆ ಕುಕ್ಕಿ, “ಕರದ ಮ್ಯಾಲೂ ಹೋಗ್ಲಿಲ್ಲಂದ್ರ ಹ್ಯಾಂಗಬೇ? ಆಕಿ ನಿನ್ನ ಸಲುವಾಗಿ ಪಂಕ್ತಿ ತಡದಾಳ” ಎಂದು ಗದರಿದರು. ನನಗೂ ಸಿಟ್ಟು ಬಂತು. ನಾನು ಸಿಟ್ಟಿನವಳು, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಹೋಳಿಗೆ ಬಿಸಿಯಾಗಿತ್ತು, ಹಾಗಾಗಿ ಮೊದಲು ತಿಂದೆ.

ಕೊಳ್ಳೇಗಾಲದಲ್ಲಿ ಹುಟ್ಟಿ ಬೆಳೆದ ನಾನು ಆಳಂದದ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದಾಗ ನನಗೆ ಮೂವತ್ತಾರು. ಮದುವೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಅದರ ಕಥೆ ಇಲ್ಲಿ ಬೇಡ. ಈಗ ಊರಿಗೆ ವಾಪಸು ಬಂದಿದ್ದೇನೆ. ಸಂತೆಯಲ್ಲಿ ಸಿಕ್ಕವರು, ಮದುವೆ ಮನೆಯಲ್ಲಿ ಸಿಕ್ಕವರು, “ಅಷ್ಟು ದೂರ ಹೇಗಿದ್ಯವ್ವ, ಆ ಬಿಸಿಲಲ್ಲಿ?” ಎಂದು ಕೇಳುತ್ತಾರೆ. ಬಿಸಿಲಿನ ಬಗ್ಗೆ ಹೇಳಿದರೆ ತೃಪ್ತರಾಗಿ ಹೋಗುತ್ತಾರೆ. ಹೇಳಬೇಕಾದದ್ದು ಬಿಸಿಲಿನ ಬಗ್ಗೆ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆದರೂ ಬಿಸಿಲು ಸುಳ್ಳಲ್ಲ. ನಮ್ಮ ಕಡೆ ಎತ್ತ ನೋಡಿದರೂ ಒಂದು ಬೆಟ್ಟ ಕಣ್ಣಿಗೆ ಅಡ್ಡ ಬರುತ್ತದೆ. ಆಳಂದದಲ್ಲಿ ಕಣ್ಣಿಗೆ ತಡೆಯೇ ಇಲ್ಲ. ಊರು ಮುಗಿದರೆ ಕಪ್ಪು ನೆಲ, ತೊಗರಿ, ಜೋಳ, ಮತ್ತೆ ತೊಗರಿ. ಮೊದಲ ವಾರ ಬಸ್ಸಿನ ಕಿಟಕಿಯಲ್ಲಿ ನೋಡಿದಾಗ ಎದೆ ಖಾಲಿ ಖಾಲಿ ಎನಿಸಿ ಅಳು ಬಂದಿತ್ತು. ಮನೆಯೋ ಕಲ್ಲಿನ ಮನೆ. ಗೋಡೆಗೆ ಕಲ್ಲು, ನೆಲಕ್ಕೆ ಫರ್ಸಿ, ಅಂದರೆ ಆ ಕಡೆ ನೆಲದಡಿ ಸಿಗುವ ಹಾಸುಗಲ್ಲು. ಮೇಲೆ ಚಪ್ಪಟೆ ಮಾಳಿಗೆ. ಹಗಲೆಲ್ಲ ಕುಡಿದ ಬಿಸಿಯನ್ನು ಆ ಮಾಳಿಗೆ ಸಂಜೆ ಮೇಲೆ ಹೊರಗೆ ಬಿಡುತ್ತಿತ್ತು. ಮುದ್ದೆ ಇಲ್ಲದೆ ಹೊಟ್ಟೆ ತುಂಬಿದ ಹಾಗೆ ಆಗುತ್ತಿರಲಿಲ್ಲ. ತಮ್ಮ ಪಾರ್ಸೆಲ್ಲಿನಲ್ಲಿ ರಾಗಿ ಹಿಟ್ಟು ಕಳಿಸುತ್ತಿದ್ದ. ಕಾಶಮ್ಮ ಕಾಕು ಒಮ್ಮೆ ನನ್ನ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ, “ಇದನ್ನ ತಿಂತೀರೋ, ಗ್ವಾಡಿಗಿ ಮೆತ್ತತೀರೋ?” ಎಂದು ಕೇಳಿದರು. ನಾನು ಮಾತು ಬಿಟ್ಟೆ. ಎರಡು ದಿನಕ್ಕೆ ಅವರೇ ಬಂದು ನನ್ನನ್ನು ಒಲೆ ಮುಂದೆ ಕೂರಿಸಿ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸತೊಡಗಿದರು. ನನ್ನ ಕೈಯಲ್ಲಿ ಹರಿಯದ ಮೊದಲ ರೊಟ್ಟಿ ಆಗಿದ್ದು ಐದನೆಯ ತಿಂಗಳಲ್ಲಿ. ಅದನ್ನು ತಿನ್ನದೆ ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. “ಏನಕ್ಕ ಇದು, ಭೂಪಟವಾ?” ಎಂದು ಉತ್ತರ ಬಂತು.

ಎದುರು ಮನೆಯಲ್ಲಿ ಖಾಜಾಬಿ ಇದ್ದಳು. ನನ್ನ ವಯಸ್ಸಿನವಳೇ. ಕುಪ್ಪಸ ಹೊಲಿಯುತ್ತಿದ್ದಳು. ಓಣಿಯ ಅರ್ಧ ಹೆಂಗಸರ ಅಳತೆ ಅವಳ ತಲೆಯಲ್ಲಿತ್ತು, ಉಳಿದರ್ಧ ಹೆಂಗಸರ ಸುದ್ದಿಯೂ ಅಲ್ಲೇ ಇತ್ತು. ಮನೆಯವರ ಜೊತೆ ದಖನಿ ಉರ್ದು, ನಮ್ಮ ಜೊತೆ ಕನ್ನಡ; ಮಾತಿನ ನಡುವೆ ಹಲ್ಲಿನಲ್ಲಿ ಕಚ್ಚಿಕೊಂಡ ಸೂಜಿ ಮಾತ್ರ ಬದಲಾಗುತ್ತಿರಲಿಲ್ಲ. ಸಂಜೆ ಗ್ರಂಥಾಲಯ ಮುಚ್ಚಿ ಬಂದು ಅವಳ ಮಿಷನ್ನಿನ ಪಕ್ಕ ಕೂರುವುದು ನನಗೆ ರೂಢಿಯಾಯಿತು. ಇಡೀ ಊರಿನಲ್ಲಿ ನಾನು ಕೂರಬಹುದಾದ ಜಾಗ ಎಂದು ಅದೊಂದಿತ್ತು.

ಗ್ರಂಥಾಲಯದ ಹೊರಗೋಡೆಗೆ ಒಂದು ಹಳೆಯ ಕಪ್ಪು ಹಲಗೆ ಇತ್ತು. ನಮ್ಮೂರಿನ ಗ್ರಂಥಾಲಯದಲ್ಲಿ ಚಿಕ್ಕಂದಿನಲ್ಲಿ ನೋಡಿದ ನೆನಪಿಗೆ, ಅದನ್ನು ತೊಳೆದು ಮೇಲೆ ‘ಮುಂಬರುವ ಕಾರ್ಯಕ್ರಮಗಳು’ ಎಂದು ಬರೆದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಸುದ್ದಿ ಹಾಕಬೇಕೆಂಬ ಆಸೆ. ಜನ ಪೇಪರ್ ಓದಲು ಬಂದವರು ನಿಂತು ಓದತೊಡಗಿದರು. ಆಮೇಲೆ ತಾವೇ ಸುದ್ದಿ ತಂದರು. ಶ್ರಾವಣದ ಪುರಾಣ, ದರ್ಗಾದ ಮುಂದಿನ ಕವ್ವಾಲಿ, ಜೇವರ್ಗಿಯ ಕುಸ್ತಿ, ನರೋಣಾ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಭೆ. ನಮ್ಮ ಕಡೆ ಕಾರ್ಯಕ್ರಮವೆಂದರೆ ತಾರೀಖು, ವಾರ, ಗಂಟೆ. ಅಲ್ಲಿ ಹಾಗಲ್ಲ. ಅತನೂರಿನಿಂದ ಒಬ್ಬ ರೈತರು ಬಂದು ತಮ್ಮೂರ ನಾಟಕದ ಸುದ್ದಿ ಕೊಟ್ಟರು. ತಾರೀಖು ಕೇಳಿದೆ.

“ತೊಗರಿ ರಾಶಿ ಆದ ಮ್ಯಾಲ್ರಿ.”

“ಅದೇ, ಯಾವ ತಾರೀಖು?”

“ರಾಶಿ ಆದ ಮ್ಯಾಲ ಅಂತ ಬರೀರಿ ಮೇಡಮ್. ಮಂದಿಗಿ ತಿಳೀತದ.”

ಹಾಗೇ ಬರೆದೆ. ಮಂದಿಗೆ ತಿಳಿಯಿತು. ತಿಳಿಯದೆ ಉಳಿದವಳು ನಾನೊಬ್ಬಳೇ.

ಬೋರ್ಡಿನ ಮೇಡಂ ಎಂದು ಹೆಸರು ಬಿತ್ತು. ಹೆಸರು ಬಿತ್ತೆಂದು ಬೀಗಿ, ಗ್ರಂಥಾಲಯದಲ್ಲೇ ಒಂದು ಓದುಗರ ಸಭೆ ಇಡುವ ಧೈರ್ಯ ಮಾಡಿದೆ. ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದೆ, ಸುತ್ತ ಹೂಬಳ್ಳಿ ಎಳೆದೆ, ವಾಟ್ಸಾಪಿನಲ್ಲಿ ಕಳಿಸಿದೆ. ಇಬ್ಬರು ಬಂದರು. ಒಬ್ಬರು ದಿನಾ ಪೇಪರಿಗೆ ಬರುವ ನಿವೃತ್ತ ಮೇಷ್ಟ್ರು. ಇನ್ನೊಬ್ಬ ಬಸ್ಸು ತಪ್ಪಿಸಿಕೊಂಡು ನೆರಳಿಗೆ ಬಂದವನು. ಫ್ಯಾನಿನ ಕೆಳಗೆ ನಿದ್ದೆ ಮಾಡಿದ.

ಆ ಸಂಜೆ ಖಾಜಾಬಿಯ ಮನೆಯಲ್ಲಿ ಕೂತು ಅವಳ ಊರನ್ನೂ ಊರಿನ ಜನರನ್ನೂ ಬೈದೆ. ಹೆಚ್ಚೇ ಬೈದೆ. ಅವಳು ದಾರ ಕತ್ತರಿಸುತ್ತ, “ನೀವು ಯಾರ ಮನಿಗಿ ಹೋಗಿ ಹೇಳೀರಿ?” ಎಂದು ಕೇಳಿದಳು.

“ಬೋರ್ಡಿನ ಮೇಲೆ ಬರೆದಿದ್ದೆನಲ್ಲ?”

“ಬೋರ್ಡ್ ನೋಡಿ ಬಸ್ಸ ಹತ್ತತಾರ್ರಿ ಮೇಡಮ್. ಬೋರ್ಡ್ ನೋಡಿ ಯಾರಾರ ಮಂದಿ ಕಡಿ ಹೋಗ್ತಾರೇನು? ಹೇಳಿಕಿ ಇರಬೇಕು.”

ಹೇಳಿಕೆ ಎಂದರೆ ಮನೆಬಾಗಿಲಿಗೆ ಹೋಗಿ ಬಾಯಲ್ಲಿ ಹೇಳಿ ಬರುವುದು. ಕಾರ್ಡು ಇದ್ದರೂ ಹೇಳಬೇಕು, ಫೋನಿದ್ದರೂ ಹೇಳಬೇಕು. ಹೇಳಿಕೆ ಇಲ್ಲದೆ ಹೋದರೆ ಹೋದವರಿಗೂ ಮರ್ಯಾದೆಯಲ್ಲ, ಇಟ್ಟುಕೊಂಡವರಿಗೂ ಮರ್ಯಾದೆಯಲ್ಲ. ಪುರಾಣ, ಕುಸ್ತಿ, ಕವ್ವಾಲಿ ಊರೊಟ್ಟಿನವು, ಅವಕ್ಕೆ ಹೇಳಿಕೆ ಬೇಕಿಲ್ಲ. ಆದರೆ ನನ್ನ ಸಭೆ ನನ್ನದು, ನನ್ನ ಮನೆಯ ಕಾರ್ಯವಿದ್ದ ಹಾಗೆ. ಬಾಯಿಗೆ ನೊರೆ ಇಟ್ಟುಕೊಂಡು ನಿಂತ ಆ ಮೊದಲ ಬೆಳಿಗ್ಗೆ ನೆನಪಾಗಿ ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ನನ್ನ ಮೇಜಿನ ಡ್ರಾಯರಿನಲ್ಲಿ ವರ್ಗಾವಣೆಯ ಅರ್ಜಿ ಸಿದ್ಧವಾಗಿತ್ತು. ಮೂರು ವರ್ಷ ತುಂಬಿತ್ತು. ಅರ್ಜಿ ತುಂಬಿ, ಸಹಿ ಮಾಡಿ, ಲಕೋಟೆಗೆ ಹಾಕಿ ಇಟ್ಟಿದ್ದೆ. ಕಳಿಸಿದರೆ ಕೊಳ್ಳೇಗಾಲದ ಕಡೆ ಸಿಗುವ ಸಂಭವವಿತ್ತು. ಆದರೂ ಲಕೋಟೆ ಡ್ರಾಯರಿನಲ್ಲೇ ಕೂತಿತ್ತು. ಯಾಕೆಂದರೆ ಒಳಗೊಳಗೆ ಒಂದು ಹಟ. ಮೂರು ವರ್ಷ ಇದ್ದ ಊರು ನನ್ನನ್ನು ತನ್ನವಳೆಂದು ಒಂದು ಸಲವಾದರೂ ಎಣಿಸಿದೆಯೇ, ಇಲ್ಲ ನಾನು ಇಷ್ಟು ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತವಳ ಹಾಗೆ ಕೂತಿದ್ದೆನೇ? ಇನ್ನೊಂದು ಕಾರ್ಯಕ್ರಮ ಇಡುತ್ತೇನೆ, ಮನೆ ಮನೆಗೆ ಹೋಗಿ ಹೇಳುತ್ತೇನೆ, ಆಗಲೂ ಯಾರೂ ಬರದಿದ್ದರೆ ಮರುದಿನವೇ ಲಕೋಟೆ ಅಂಚೆಗೆ. ಹೀಗೆಂದು ಖಾಜಾಬಿಗೂ ಹೇಳಿದೆ. ಅವಳು ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದಳು. “ಬಿಲ್ಕುಲ್ ಹುಚ್ಚಿ ಇದ್ದೀರಿ” ಎಂದು ಮತ್ತೆ ತುಳಿಯತೊಡಗಿದಳು.

ಕಾರ್ಯಕ್ರಮ ಯಾವುದೆಂದು ನಾನು ಮೊದಲೇ ನಿರ್ಧರಿಸಿದ್ದೆ. ನಿಂಬರ್ಗಾದ ಶಾಲೆಗೆ ಪುಸ್ತಕ ಕೊಡಲು ಹೋದಾಗ ದಾರಿಯ ಪಕ್ಕದ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರ ಹಾಡು ಕೇಳಿ ನಿಂತಿದ್ದೆ. ಎಳೆದೆಳೆದು ಹಾಡುತ್ತಿದ್ದ ಮುದುಕಿ ಗುರುಬಾಯಿ. ಬೀಸುವ ಕಲ್ಲು ಮನೆಯ ಮೂಲೆ ಸೇರಿ ಎಷ್ಟೋ ವರ್ಷವಾಗಿದ್ದರೂ ಬೀಸುವಾಗ ಹಾಡುತ್ತಿದ್ದ ಪದಗಳೆಲ್ಲ ಅವಳ ಬಾಯಲ್ಲಿ ಹಾಗೇ ಇದ್ದವು. ನಮ್ಮ ಅಜ್ಜಿ ರಾಗಿ ಬೀಸುವಾಗ ಹಾಡುತ್ತಿದ್ದ ರಾಗಕ್ಕೂ ಆ ರಾಗಕ್ಕೂ ಏನೋ ನಂಟಿತ್ತು. ಮಾತು ಬೇರೆ, ಧಾನ್ಯ ಬೇರೆ, ಕಲ್ಲು ಸುತ್ತುವ ವೇಗ ಮಾತ್ರ ಒಂದೇ. ಹೊಲದ ಬದುವಿನ ಮೇಲೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಗುರುಬಾಯಿ ಕಳೆ ಕೀಳುವ ಕುರ್ಚಿಗಿ ಹಿಡಿದುಕೊಂಡೇ ಬಂದು, “ಯಾಕವ್ವ, ಯಾರ ಸತ್ತಾರ?” ಎಂದು ಕೇಳಿದಳು.

ಗ್ರಂಥಾಲಯಕ್ಕೆ ಬಂದು ಹಾಡಬೇಕೆಂದಾಗ ಅವಳು ಮೊದಲು ಒಪ್ಪಲಿಲ್ಲ. ಹೊಲದ ಹೊರಗೆ, ಮನೆಯ ಹೊರಗೆ ಯಾವತ್ತೂ ಹಾಡಿದವಳಲ್ಲ. “ಕುರ್ಚಿ ಮ್ಯಾಲ ಕುಂತ್ರ ನನಗ ಪದ ಬರಂಗಿಲ್ಲ” ಎಂದಳು. ನೆಲದ ಮೇಲೆ ಜಮಖಾನೆ ಹಾಸುತ್ತೇನೆಂದೆ. “ಮಂದಿ ಬರ್ತಾರೇನು?” ಎಂದಳು. ಬರುತ್ತಾರೆ ಎಂದೆ. ತೊಗರಿ ಒಕ್ಕಿ ರಾಶಿ ಆದ ಮೇಲೆ ಎಂದು ಮಾತಾಯಿತು. ಅಷ್ಟು ಹೊತ್ತಿಗೆ ನನಗೂ ಆ ತಾರೀಖು ತಿಳಿಯುತ್ತಿತ್ತು.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಖಾಜಾಬಿಯನ್ನು ಕರೆದುಕೊಂಡು ಹೇಳಿಕೆಗೆ ಹೊರಟೆ. ಕುಂಕುಮದ ಬಟ್ಟಲು ನನ್ನ ಕೈಯಲ್ಲಿ, ಮಾತು ಅವಳದು. ಕುಂಕುಮ ಹಚ್ಚಿಕೊಳ್ಳುವವರಿಗೆ ಕುಂಕುಮ, ಉಳಿದವರಿಗೆ ಬರೀ ಮಾತು. ನಮ್ಮ ಓಣಿ, ಹಿಂದಿನ ಓಣಿ, ನೀರಿನ ಟಾಕಿಯ ಆಚೆಗಿನ ಮನೆಗಳು. ಒಂದೊಂದು ಮನೆಯಲ್ಲೂ ಚಹಾ. ಬೇಡ ಎಂದರೆ ಅರ್ಧ ಕಪ್ಪು, ಹೌದು ಎಂದರೆ ಜೊತೆಗೆ ಚುರಮುರಿ. ಮೂರು ವರ್ಷದಲ್ಲಿ ನಾನು ನೋಡಿರದ ಮನೆಗಳ ಒಳಗನ್ನೆಲ್ಲ ಆ ಎರಡು ಸಂಜೆಯಲ್ಲಿ ನೋಡಿದೆ. ತೊಟ್ಟಿಲಿನ ಮನೆಗೂ ಹೋದೆವು. ಅಂದು ನನಗಾಗಿ ಪಂಕ್ತಿ ತಡೆದಿದ್ದಾಕೆ ನಗುತ್ತ ನಿಂತಳು. ತೊಟ್ಟಿಲಿನ ಕೂಸು ಈಗ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿತ್ತು. “ಬರಬೇಕ್ರಿ” ಎಂದೆ. “ಬರ್ತೇವಿ ತಗೋರಿ” ಎಂದಳು. ಎಲ್ಲರೂ ಹಾಗೇ ಎಂದರು. ಹೊಟ್ಟೆಯಲ್ಲಿ ಚಹಾ ಕುಲುಕುತ್ತಿತ್ತು, ಸಂತೋಷಕ್ಕೆ ಮಾತ್ರ ಕೊನೆಯಿರಲಿಲ್ಲ.

ಆ ದಿನ ಬಂತು. ಸಂಜೆ ನಾಲ್ಕೂವರೆ ಎಂದು ಹೇಳಿದ್ದೆ. ಗುರುಬಾಯಿ ಮಧ್ಯಾಹ್ನವೇ ಇನ್ನಿಬ್ಬರು ಹೆಂಗಸರ ಜೊತೆ ಬಸ್ಸಿಗೆ ಬಂದಿದ್ದಳು. ಮಡಿಕೆ ಮುರಿಯದ ಹಸಿರು ಸೀರೆ, ಕೈಚೀಲದಲ್ಲಿ ಎಲೆ ಅಡಿಕೆ. ಜಮಖಾನೆಯ ಮೇಲೆ ಗೋಡೆಗೊರಗಿ ಕೂತಳು. ನಾಲ್ಕೂವರೆ ಆಯಿತು. ಐದಾಯಿತು. ಪೇಪರಿನ ಮೇಷ್ಟ್ರು ಬಂದು, ಹೆಂಗಸರ ಕಾರ್ಯಕ್ರಮವೆಂದು ಹೊರಗಿನ ಬೆಂಚಿನಲ್ಲೇ ಕೂತರು. ಐದೂವರೆಯಾಯಿತು. ನಾನು ಬಾಗಿಲಿಗೂ ಒಳಗೂ ತಿರುಗಿ ತಿರುಗಿ ನೋಡಿ ಸುಸ್ತಾದೆ. ನಿಂಬರ್ಗಾಕ್ಕೆ ಕೊನೆಯ ಬಸ್ಸು ಏಳಕ್ಕೆ.

“ಬರ್ತಾರ ತಗೋ ತಂಗಿ” ಎಂದಳು ಗುರುಬಾಯಿ. ಎಲೆಗೆ ಸುಣ್ಣ ಸವರುತ್ತ, “ಬರ್ಲಿಲ್ಲಂದ್ರೂ ಏನಾಗಂಗಿಲ್ಲ. ನಾ ಹೊಲದಾಗ ಯಾರ ಮುಂದ ಹಾಡತಿದ್ನಿ?” ಎಂದಳು.

ಆ ಮಾತು ನನ್ನನ್ನು ಸುಟ್ಟಿತು. ನನ್ನ ಪರೀಕ್ಷೆಗೆ ಈ ಮುದುಕಿಯನ್ನು ಮನೆಯಿಂದ ಎಬ್ಬಿಸಿಕೊಂಡು ಬಂದು ಖಾಲಿ ಕೋಣೆಯಲ್ಲಿ ಕೂರಿಸಿದ್ದೆ. ಸೀರೆ ಮಡಿಕೆಯೂ ಮುರಿಯದ ಹಾಗೆ ಹಿಂದಕ್ಕೆ ಕಳಿಸಬೇಕು. ಚಹಾ ತರುತ್ತೇನೆಂದು ಹೇಳಿ ಹೊರಬಿದ್ದೆ. ಚಹಾ ಬೇಕಿರಲಿಲ್ಲ, ಕಣ್ಣೀರು ಅವಳಿಗೆ ಕಾಣಬಾರದಿತ್ತು. ಹೊರಡುವ ಮುನ್ನ ಡ್ರಾಯರಿನಿಂದ ಲಕೋಟೆ ತೆಗೆದು ಬ್ಯಾಗಿಗೆ ಹಾಕಿಕೊಂಡಿದ್ದೆ. ಅಂಚೆ ಡಬ್ಬಿ ನಮ್ಮ ಓಣಿಯ ತಿರುವಿನಲ್ಲೇ ಇತ್ತು, ನಾಳೆಯವರೆಗೆ ಯಾಕೆ ಕಾಯಬೇಕು? ಖಾಜಾಬಿಗೂ ಎರಡು ಮಾತು ಅನ್ನುವುದಿತ್ತು. ಎರಡು ಸಂಜೆ ಜೊತೆ ತಿರುಗಿದವಳು ತಾನೂ ಬರಲಿಲ್ಲ!

ಓಣಿಗೆ ತಿರುಗಿದೆ, ನಿಂತೆ.

ಕಾಶಮ್ಮ ಕಾಕು ಕಟ್ಟೆಯ ಮೇಲೆ ಕೂತಿದ್ದರು. ಇಳಕಲ್ ಸೀರೆ, ತಲೆ ತುಂಬ ಸೆರಗು, ಪಕ್ಕದಲ್ಲಿ ಕೈಚೀಲ, ಕಾಲಿಗೆ ಮೆಟ್ಟಿಕೊಳ್ಳಲು ಸರಿಯಾಗಿ ತಿರುಗಿಸಿಟ್ಟ ಚಪ್ಪಲಿ. ಅವರ ಆಚೆ ಮನೆಯ ಕಟ್ಟೆಯ ಮೇಲೆ ಅತ್ತೆ, ಸೊಸೆ, ಹೂ ಮುಡಿದುಕೊಂಡು. ಅದರಾಚೆ ಮೂವರು. ತೊಟ್ಟಿಲಿನ ಮನೆಯಾಕೆ ಕೂಸಿಗೆ ಹೊಸ ಅಂಗಿ ತೊಡಿಸಿ ಸೊಂಟಕ್ಕೆ ಏರಿಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಓಣಿಯ ಉದ್ದಕ್ಕೂ ಎರಡೂ ಕಡೆ ಹೆಂಗಸರು, ತಯಾರಾಗಿ, ಎಲ್ಲಿಗೋ ಹೊರಟವರು, ಹೊರಡದೆ ಕೂತಿದ್ದರು.

“ಕಾಕು, ಯಾಕೆ ಬರಲಿಲ್ಲ?” ಎಂದೆ.

“ನೀ ಕರಿಯಾಕ ಬಂದಿಲ್ಲಲ್ಲಬೇ!” ಅವರಿಗೆ ನನಗಿಂತ ಹೆಚ್ಚು ಸಿಟ್ಟು. “ನಾಕಕ್ಕ ತಯಾರಾಗಿ ಕುಂತೀನಿ. ಬೆನ್ನ ಹಿಡ್ದದ.”

“ಮೊನ್ನೆಯೇ ಮನೆಗೆ ಬಂದು ಹೇಳಿದ್ದೆನಲ್ಲ?”

“ಹೇಳೀದಿ. ಕರದಿಲ್ಲ. ಕರೀದ ಹ್ಯಾಂಗ ಎದ್ದು ಬರೂದು? ನಾವೇನ ಉಪವಾಸ ಬಿದ್ದೀವೇನು, ನಾವಾಗೇ ಓಡಿ ಬರಾಕ?”

ಆಗ ಹೊಳೆಯಿತು. ಮೊದಲ ದಿನ ಹೇಳಿ ಹೋದವಳು ಮರುದಿನ ಯಾಕೆ ಮತ್ತೆ ಬಂದಿದ್ದಳೆಂದು ಮೂರು ವರ್ಷದ ಮೇಲೆ ಹೊಳೆಯಿತು. ಹೇಳಿಕೆ ಮೊದಲ ಸಲ. ಆ ದಿನ, ಎಲ್ಲ ತಯಾರಾದ ಮೇಲೆ ಮತ್ತೆ ಬಂದು, ‘ಏಳ್ರಿ’ ಎಂದು ಎಬ್ಬಿಸಿಕೊಂಡು ಹೋಗುವುದು ಎರಡನೆಯ ಸಲ. ಕಾರ್ಯ ನಿಜವಾಗಿಯೂ ನಡೆಯುತ್ತಿದೆ, ನಿಮ್ಮನ್ನು ಮರೆತಿಲ್ಲ, ನೀವಿಲ್ಲದೆ ಶುರುವಾಗಿಲ್ಲ ಎಂದು ಆ ಓಣಿಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದದ್ದು ಹಾಗೆ. ನಾನು ಆ ಎರಡನೆಯ ಕರೆಯನ್ನು ಅನುಮಾನ ಅಂದುಕೊಂಡಿದ್ದೆ.

ಖಾಜಾಬಿಯ ಮನೆಗೆ ಓಡಿದೆ. ಅವಳು ಬುರ್ಖಾ ತೊಟ್ಟು, ಮಿಷನ್ನಿಗೆ ಬಟ್ಟೆ ಮುಚ್ಚಿ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು.

“ನೀನೂ ಕಾಯ್ತಾ ಕೂತಿದ್ಯಾ? ನನಗೆ ಹೇಳಬಾರದಿತ್ತಾ?”

“ಏನ ಹೇಳಬೇಕ್ರಿ?”

“ಇನ್ನೊಂದು ಸಲ ಕರೆಯಬೇಕು ಅಂತ!”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಇದನ್ನೂ ಹೇಳಿಕೊಡಬೇಕೇನ್ರಿ ಮೇಡಮ್? ನೀರ ಕುಡೀಬೇಕಾದ್ರ ಬಾಯಿ ತಗೀಬೇಕಂತ ಯಾರಾರ ಹೇಳತಾರೇನು?” ಎಂದವಳೇ ಎದ್ದಳು. ಓಣಿಯ ನಡುವೆ ನಿಂತು, “ಏಳ್ರಿ, ಎಲ್ಲಾರೂ ಏಳ್ರಿ, ಬೋರ್ಡಿನ ಮೇಡಂ ಕರಿಯಾಕ ಬಂದಾರ, ಜಲ್ದಿ ಏಳ್ರಿ!” ಎಂದು ಕೂಗಿದಳು. ಕಾಶಮ್ಮ ಕಾಕು ಕೈ ಅಡ್ಡ ಮಾಡಿದರು. “ನೀ ಯಾಕ ಕರೀತಿ? ಆಕಿ ಕರೀಲಿ.”

ನಾನು ಕರೆದೆ. ಒಂದೊಂದು ಕಟ್ಟೆಯ ಮುಂದೆ ನಿಂತು ಕರೆದೆ. “ಕಾಕು, ಏಳ್ರಿ.” “ಅಕ್ಕಾರ, ಏಳ್ರಿ.” ನಮ್ಮ ಕಡೆಯ ನನ್ನ ನಾಲಿಗೆಗೆ ಆ ‘ರಿ’ ಅವತ್ತು ಮೊದಲ ಸಲ ಹೊರಗಿನದು ಅನಿಸಲಿಲ್ಲ. ಎಲ್ಲರೂ ಸೆರಗು ಸರಿಮಾಡಿಕೊಂಡು ಎದ್ದರು, ಚಪ್ಪಲಿ ಮೆಟ್ಟಿದರು, ನಡೆದರು. ಹಿಂದಿನ ಓಣಿಗೆ ಖಾಜಾಬಿ ನನ್ನನ್ನು ಎಳೆದುಕೊಂಡು ಹೋದಳು. ಅಂಚೆ ಡಬ್ಬಿಯನ್ನು ಎರಡು ಸಲ ದಾಟಿದೆ, ನೋಡಲಿಲ್ಲ.

ಆರೂಕಾಲರ ಹೊತ್ತಿಗೆ ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರ್ಚಿಗಳನ್ನೆಲ್ಲ ಹೊರಗೆ ಹಾಕಿದೆವು. ಹೊರಗಿನ ಮೇಷ್ಟ್ರು ಅವುಗಳಲ್ಲೊಂದಕ್ಕೆ ಬಡ್ತಿ ಪಡೆದರು. ಗುರುಬಾಯಿ ಎಲೆ ಅಡಿಕೆ ಉಗುಳಿ ಬಂದು, ಒಂದು ಮೊಣಕಾಲು ಮಡಿಸಿ, ಇಲ್ಲದ ಬೀಸುವ ಕಲ್ಲಿನ ಗೂಟ ಹಿಡಿದವಳ ಹಾಗೆ ಕೈ ಆಡಿಸುತ್ತ ಶುರು ಮಾಡಿದಳು. ಮೂರನೆಯ ಪದಕ್ಕೆ ಕಾಶಮ್ಮ ಕಾಕು ದನಿಗೂಡಿಸಿದರು. ಆಮೇಲೆ ಯಾರು ಹಾಡುವವರು, ಯಾರು ಕೇಳುವವರು ಎಂಬುದೇ ಉಳಿಯಲಿಲ್ಲ. ಏಳರ ಬಸ್ಸಿನ ನೆನಪು ಯಾರಿಗೂ ಬರಲಿಲ್ಲ. ಬಂದರೂ ಹೇಳಲಿಲ್ಲ. ಕೊನೆಗೆ, ನಾನು ಹೊರಗೆ ಹೋಗಿದ್ದು ಯಾಕೆ, ತಡವಾದದ್ದು ಯಾಕೆ ಎಂದು ಯಾರೋ ಅವಳ ಕಿವಿಯಲ್ಲಿ ಊದಿರಬೇಕು. ಗುರುಬಾಯಿ ನನ್ನ ಕಡೆ ನೋಡುತ್ತ ಅಲ್ಲೇ ಒಂದು ಪದ ಕಟ್ಟಿದಳು:

ದೂರದ ನಾಡಿನಾಕಿ ಬೋರ್ಡಿನ ಮ್ಯಾಲ ಬರದಾಳ
ಊರೆಲ್ಲ ಕಟ್ಟಿ ಮ್ಯಾಲ ಕುಂತಿತ್ತ – ತಂಗೆವ್ವ
ಬಾರೆಂದು ಕರಿಯಾಕ ಮರತಾಳ

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ನಗುತ್ತಲೇ ಅತ್ತೆ. ಆಳಂದಕ್ಕೆ ಬಂದ ಮೇಲೆ ನನ್ನನ್ನು ಎಲ್ಲರ ಮುಂದೆ ಯಾರೂ ಹೀಗೆ ಆಡಿಕೊಂಡಿರಲಿಲ್ಲ. ಅಲ್ಲಿಯವರೆಗೆ ಕಾಕು, ಖಾಜಾಬಿ ಬಿಟ್ಟರೆ ಎಲ್ಲರೂ ಗೌರವ ಕೊಡುತ್ತಿದ್ದರು, ಅಷ್ಟೇ. ಆ ರಾತ್ರಿ ಬಸ್ಸಿಲ್ಲದ ಮೂವರು ನಿಂಬರ್ಗಾದ ಹೆಂಗಸರು ನನ್ನ ಮನೆಯಲ್ಲೇ ಉಳಿದರು. ನಾನು ಬಡಿದ ರೊಟ್ಟಿಯನ್ನು ಗುರುಬಾಯಿ ತಿರುವಿ ನೋಡಿ ತಿಂದಳು. ಆ ಮನೆಯಲ್ಲಿ ನನ್ನ ಮೊದಲ ನೆಂಟರು ಅವರು.

ಲಕೋಟೆಯೊಳಗಿನ ಅರ್ಜಿಯ ಹಿಂಬದಿ ಖಾಲಿಯಿತ್ತು. ಮರುದಿನ ಅದರ ಮೇಲೆ ಎರಡೂ ಓಣಿಯ ಮನೆಗಳ ಪಟ್ಟಿ ಬರೆದೆ, ಯಾರನ್ನು ಮೊದಲು ಕರೆಯಬೇಕು, ಯಾರನ್ನು ಯಾರ ಜೊತೆ ಕರೆಯಬಾರದು ಎಂದು ಖಾಜಾಬಿ ಹೇಳಿದ ಹಾಗೆ. ಪ್ರತಿ ವರ್ಷ ರಾಶಿ ಆದ ಮೇಲೆ ಪದಗಳ ಸಂಜೆ ನಡೆಯಿತು. ಆ ಪಟ್ಟಿ ಮಡಿಕೆಯಲ್ಲಿ ಹರಿದು, ಅಂಟು ಹಚ್ಚಿ, ಮತ್ತೆ ಹರಿಯಿತು. ಕೆಲವು ಹೆಸರಿಗೆ ಗೆರೆ ಬಿತ್ತು. ಅದರಲ್ಲಿ ಕಾಶಮ್ಮ ಕಾಕುವಿನ ಹೆಸರೂ ಒಂದು. ಆ ವರ್ಷ ಅವರ ಕಟ್ಟೆಯ ಮುಂದೆ ಬಂದಾಗ ಅಭ್ಯಾಸಬಲದಿಂದ ನಿಂತೆ. ಖಾಜಾಬಿ ನನ್ನ ಮೊಣಕೈ ಹಿಡಿದು ಮುಂದಕ್ಕೆ ನಡೆಸಿದಳು.

ಕಳೆದ ವರ್ಷ, ನಾನು ಕೇಳದೆಯೇ, ಬಡ್ತಿಯ ಜೊತೆ ವರ್ಗಾವಣೆ ಬಂತು. ಕೊಳ್ಳೇಗಾಲದ ಪಕ್ಕಕ್ಕೇ. ಎಲ್ಲರೂ ನನ್ನ ಅದೃಷ್ಟ ಎಂದರು. ಪಟ್ಟಿಯನ್ನು ಖಾಜಾಬಿಗೆ ಕೊಟ್ಟೆ. ಅವಳು ಅದನ್ನು ಅಳತೆಯ ಪುಸ್ತಕದೊಳಗೆ ಇಟ್ಟುಕೊಂಡಳು.

ಈಗ ನನ್ನ ಕಣ್ಣಿಗೆ ಬೆಟ್ಟ ಅಡ್ಡ ಬರುತ್ತದೆ. ಮೊದಲು ಆಸರೆ ಅನಿಸುತ್ತಿದ್ದ ಬೆಟ್ಟ, ಈಗ ಅದರಾಚೆ ಏನಿದೆಯೋ ಕಾಣುವುದಿಲ್ಲವಲ್ಲ ಎಂದು ಕಸಿವಿಸಿ. ತಮ್ಮನ ಮನೆಯಲ್ಲಿ ಮುದ್ದೆ ತಿಂದ ಮೇಲೂ ಏನೋ ಗರಿಗರಿ ಬೇಕೆನಿಸುತ್ತದೆ. ಬಾಯಿ ತಪ್ಪಿ ‘ಹೌದ್ರಿ’ ಎಂದರೆ ತಮ್ಮನ ಮಕ್ಕಳು ನಗುತ್ತಾರೆ. ಅಲ್ಲಿ ಇಲ್ಲಿಯ ಮಾತಿಗೆ ನಗುತ್ತಿದ್ದರು, ಇಲ್ಲಿ ಅಲ್ಲಿಯ ಮಾತಿಗೆ.

ಹೋದ ಭಾನುವಾರ ಎರಡು ಬೀದಿಯಾಚೆ ಚಿಕ್ಕಪ್ಪನ ಮಗನ ಹೊಸ ಮನೆಯ ಗೃಹಪ್ರವೇಶ. ಕಾರ್ಡು ಫೋನಿಗೆ ಬಂದಿತ್ತು, ‘ಸಕುಟುಂಬ ಸಮೇತ’ ಎಂದು. ಬೆಳಿಗ್ಗೆಯೇ ಎದ್ದು, ಖಾಜಾಬಿ ಹೊಲಿದುಕೊಟ್ಟ ಕುಪ್ಪಸ ತೊಟ್ಟು, ಹೂ ಮುಡಿದು, ಜಗಲಿಗೆ ಬಂದು ಕೂತೆ. ಚಪ್ಪಲಿ ತಿರುಗಿಸಿ ಇಟ್ಟುಕೊಂಡೆ. ಹೊಗೆಯ ವಾಸನೆ, ವಾಲಗದ ಸದ್ದು ಇಲ್ಲಿಗೇ ಬರುತ್ತಿತ್ತು. ಜನ ನನ್ನ ಮುಂದೆಯೇ ಹೋದರು, ಬಂದರು. ಹನ್ನೆರಡು ದಾಟಿತು. ನನಗೆ ಸಣ್ಣಗೆ ಸಿಟ್ಟು ಏರತೊಡಗಿತು. ಆಗ ತಮ್ಮನ ಫೋನು.

“ಎಲ್ಲಿದ್ದೀಯಕ್ಕ? ಎಲ್ಲರೂ ಊಟಕ್ಕೆ ಕೂತವ್ರೆ. ಯಾರಾದ್ರೂ ಬಂದು ಕರೀಲಿ ಅಂತ ಕೂತಿದ್ದೀಯಾ?”

ಅವನು ತಮಾಷೆಗೆ ಅಂದದ್ದು. ನಾನು ಜಗಲಿಯ ಮೇಲೆ ನನ್ನನ್ನೇ ನೋಡಿಕೊಂಡೆ: ಸೀರೆ, ಕೈಚೀಲ, ತಿರುಗಿಸಿಟ್ಟ ಚಪ್ಪಲಿ. “ಬಂದೆ” ಎಂದು ಫೋನಿಟ್ಟೆ. ಇಟ್ಟ ಕೂಡಲೇ ಮತ್ತೆ ರಿಂಗಾಯಿತು. ಖಾಜಾಬಿ.

“ಮೇಡಮ್‌ರಿ, ಹೋದ ವಾರ ಹೇಳಿಕಿ ಹೇಳಿದ್ನಲ್ರಿ? ಇವತ್ತ ಸಂಜಿಗಿ ಪದ ಅದಾವ. ಕರಿಯಾಕ ಫೋನ್ ಮಾಡೇನಿ. ಏಳ್ರಿ.”

“ಖಾಜಾಬಿ, ನಾನು ಕೊಳ್ಳೇಗಾಲದಲ್ಲಿದ್ದೇನೆ ಕಣೆ.”

“ಗೊತ್ತದ್ರಿ. ಭಾಳ ದೂರ ಅದೀರಂತ ನಿಮ್ಮಿಂದಾನೇ ಶುರು ಮಾಡೇನಿ. ಕರೀಲಿಲ್ಲಂದ್ರ ಕಟ್ಟಿ ಮ್ಯಾಲೇ ಕುಂತಿರ್ತೀರಿ ನೀವು.”

ನಾನು ಎದ್ದೆ. ಕರೆದ ಮೇಲೆ ಏಳದಿರುವುದು ಹೇಗೆ? ಚಪ್ಪಲಿ ಮೆಟ್ಟಿದೆ. ಎರಡು ಬೀದಿಯಾಚೆ ನನ್ನವರು ಊಟಕ್ಕೆ ಕೂತಿದ್ದರು, ಫೋನಿನಲ್ಲಿ ಖಾಜಾಬಿ ಆಗಲೇ ಮುಂದಿನ ಮನೆಯ ಬಾಗಿಲು ಬಡಿಯುತ್ತಿದ್ದಳು. ಯಾವ ಕಡೆ ಹೆಜ್ಜೆ ಹಾಕಬೇಕೆಂದು ತಿಳಿಯದೆ ನಾನು ಸ್ವಲ್ಪ ಹೊತ್ತು ಅಲ್ಲೇ, ಬೀದಿಯ ಮೇಲೆ, ನಿಂತೇ ಇದ್ದೆ.